ಪರಿಸರ ಭೂವಿಜ್ಞಾನ (ಪದವಿ ಶಿಕ್ಷಣ)

ಶಿಲೆ, ಮಣ್ಣು, ಅಂತರ್ಜಲಗಳಿಗೂ ಮನುಷ್ಯನ ಬದುಕಿಗೂ ಇರುವ ನಂಟನ್ನು ಅಭ್ಯಸಿಸುವ ಭೂವಿಜ್ಞಾನದ ಶಾಖೆ. ಬ್ರಿಟನ್ನಿನಲ್ಲಿ ಇದನ್ನೇ ಮುಖ್ಯವಾಗಿಸಿಕೊಂಡ ಪದವಿಗಳುಂಟು. ಭಾರತದಲ್ಲಿ ಬಹುಮಟ್ಟಿಗೆ ಬಿ.ಎಸ್ಸಿ. ಭೂವಿಜ್ಞಾನದ ಒಂದು ಪತ್ರಿಕೆಯಷ್ಟೇ. ಖನಿಜಶಾಸ್ತ್ರ, ಶಿಲಾಶಾಸ್ತ್ರಗಳು ಬುನಾದಿ; ಜಲಭೂವಿಜ್ಞಾನ, ಭೂರಸಾಯನಶಾಸ್ತ್ರ, ದೂರಸಂವೇದನೆ ಆಮೇಲೆ. ರಸಾಯನಶಾಸ್ತ್ರಕ್ಕೆ ಹೆದರುವವರಿಗೆ ಇದು ಒಗ್ಗುವ ವಿಷಯವಲ್ಲ.

ಕಲಿಕೆಯ ಜೀವಾಳ ಕ್ಷೇತ್ರಕಾರ್ಯ. ಕೋಲಾರ, ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಇದಕ್ಕೆ ಒಳ್ಳೆಯ ಪಾಠ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಪಂಪು ಓಡಿಸಿ, ಅದೇ ನೀರಿನಲ್ಲಿ ಬಾಟಲಿ ತೊಳೆದು ಮಾದರಿ ತುಂಬಬೇಕು. ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಡನೆ ವರ್ತಿಸಬಲ್ಲದು. ಗ್ರಾನೈಟ್, ನೈಸ್ ಶಿಲೆಗಳ ಫ್ಲೋರೈಟ್, ಅಪಟೈಟ್, ಬಯೋಟೈಟ್‌ಗಳೇ ಫ್ಲೋರೈಡಿನ ಮೂಲ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಹೆಚ್ಚು ಕರಗಿ ಉಳಿಯುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರೇ ಇಲ್ಲದಾಗ 1.5ರವರೆಗೆ ವಿನಾಯಿತಿ.

2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಅದಿರು ತ್ಯಾಜ್ಯದ ಸೈನೈಡ್ ದಿಬ್ಬಗಳು, 2018ರ ಕೊಡಗಿನ ಭೂಕುಸಿತಗಳೂ ಅಧ್ಯಯನಯೋಗ್ಯ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂವಿಜ್ಞಾನಿ ಹುದ್ದೆಗೆ ಬಿ.ಎಸ್ಸಿ. ಪದವಿಯೊಂದೇ ಸಾಲದು, ಸ್ನಾತಕೋತ್ತರ ಪದವಿ ಬೇಕು.