ಕರಾವಳಿಯ ಮುಂಗಾರು ಮತ್ತು ಎರಡು ಗಣಕ ಸಂಸ್ಕಾರಕಗಳು

ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳ ಚರಿತ್ರೆಯನ್ನು ಬರೆದವರು ಬಂದರು, ಕಾಳುಮೆಣಸು, ಪೋರ್ಚುಗೀಸರು ಇವುಗಳ ವಿಚಾರವನ್ನು ವಿಸ್ತಾರವಾಗಿಯೇ ಹೇಳಿದ್ದಾರೆ. ಆ ಬಂದರುಗಳ ವ್ಯಾಪಾರಕ್ಕೆಲ್ಲ ಕಾಲವನ್ನು ಗೊತ್ತುಮಾಡುತ್ತಿದ್ದ ಮುಂಗಾರನ್ನು ಗಣಿತದಿಂದ ಮುಂಗಂಡು ಹೇಳುವ ಯತ್ನವಾದರೋ ಬೇರೆಡೆ ನಡೆಯಿತು: ದೆಹಲಿಯಲ್ಲಿ ಮತ್ತು ಬೆಂಗಳೂರಿನಲ್ಲಿ, ಎರಡು ಭಿನ್ನ ಜಾತಿಯ ಗಣಕಯಂತ್ರಗಳ ಮೇಲೆ. ಆ ಯಂತ್ರಗಳಲ್ಲಿ ಲೆಕ್ಕದ ಭಾರವನ್ನು ಹೊತ್ತ ಸಂಸ್ಕಾರಕಗಳನ್ನು, ಎಂದರೆ ಪ್ರೊಸೆಸರುಗಳನ್ನು, ಪರಸ್ಪರ ಹೋಲಿಸುವುದು ಪ್ರಕೃತ ಲೇಖನದ ಉದ್ದೇಶ.

ದೆಹಲಿಯ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು 1988ರಲ್ಲಿ ಸ್ಥಾಪಿತವಾಯಿತು. ಅದಕ್ಕಾಗಿ ಅಮೆರಿಕದಿಂದ ಬಂದುದು ಕ್ರೇ ಎಕ್ಸ್-ಎಂಪಿ 14 ಎಂಬ ಯಂತ್ರ. ಭಾರತವು ಬಯಸಿದ್ದುದು ಇದಕ್ಕಿಂತ ಪ್ರಬಲವಾದ 24ನ್ನು. ಅದಕ್ಕೆ ಅಮೆರಿಕದ ಸರ್ಕಾರವು ಒಪ್ಪಲಿಲ್ಲ. ಬಂದ ಯಂತ್ರದಲ್ಲಿ ಇದ್ದುದು ಒಂದೇ ಸಂಸ್ಕಾರಕ. ಇದಕ್ಕೆ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವು ರೂಪುಗೊಂಡಿತ್ತು. ಪೇಟೆಯಲ್ಲಿ ದೊರೆಯುವ ಸಣ್ಣ ಸಂಸ್ಕಾರಕಗಳನ್ನು ಹಲವು ಸೇರಿಸಿ ಒಂದೇ ಲೆಕ್ಕಕ್ಕೆ ಹೂಡುವುದು ಅದರ ತತ್ತ್ವ. ಮೊದಲ ಯಂತ್ರದಲ್ಲಿ ಇಂಟೆಲ್ ಸಂಸ್ಥೆಯ 8086 ಇದ್ದಿತು. ಮೂರನೆಯದರಲ್ಲಿ ಅದೇ ಸಂಸ್ಥೆಯು 1989ರಲ್ಲಿ ಹೊರತಂದ ಐ860. ನಮ್ಮ ಹೋಲಿಕೆಗೆ ವಸ್ತು ಈ ಐ860 ಮತ್ತು ಕ್ರೇ ಸಂಸ್ಕಾರಕ.

ಕ್ರೇ ಸಂಸ್ಕಾರಕವು ಸೆಕೆಂಡಿಗೆ ಗರಿಷ್ಠ ಸುಮಾರು 20 ಕೋಟಿ ದಶಮಾಂಶ ಗಣನೆಗಳನ್ನು ಮಾಡಬಲ್ಲುದೆಂದು ಪ್ರಸಿದ್ಧಿ. 40 ಮೆಗಾಹರ್ಟ್ಸ್ ವೇಗದ ಐ860ಕ್ಕೆ ಹೇಳಲಾಗುತ್ತಿದ್ದ ಅಂಕಿ 8 ಕೋಟಿ. ಹಾಗಾದರೆ ಮೂರು ಐ860ಗಳು ಸೇರಿದರೆ ಕ್ರೇ ಸೋಲಬೇಕು! ಶಾಸನವನ್ನು ಓದುವವರು ಅದರ ಪ್ರಶಸ್ತಿಭಾಗವನ್ನು ನಂಬುವಷ್ಟೇ ಈ ಗರಿಷ್ಠ ಸಂಖ್ಯೆಯನ್ನು ನಂಬತಕ್ಕದ್ದು ಎಂದು ನಮ್ಮ ಅಭಿಪ್ರಾಯ. ರಾಜನು ಏಳು ಸಮುದ್ರಗಳನ್ನು ಗೆದ್ದನೆಂಬುದಕ್ಕಿಂತ, ಯಾವ ಊರಿನಲ್ಲಿ ಎಷ್ಟು ಭೂಮಿಯನ್ನು ಬಿಟ್ಟನೆಂಬುದೇ ಅಲ್ಲಿ ಗಟ್ಟಿಯಾದ ಆಧಾರ. ಮೊದಲನೆಯದಾಗಿ, 8 ಕೋಟಿ ಎಂಬುದು 32 ಬಿಟ್‌ಗಳ ಸಂಖ್ಯೆಗಳಿಗೆ ಸಂಬಂಧಿಸಿದ ಮಾತು. ಕ್ರೇ ಯಂತ್ರವು ಗಣಿಸುತ್ತಿದ್ದುದು 64 ಬಿಟ್‌ಗಳಲ್ಲಿ. ಆ ನಿಖರತೆಯಲ್ಲಿ ಐ860ರ ಗರಿಷ್ಠ ವೇಗವು 6 ಕೋಟಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದುದು, ಸಂಖ್ಯೆಗಳು ಸಂಸ್ಕಾರಕದ ಬಳಿಗೆ ಬರುವ ದಾರಿ. ಕ್ರೇಯಲ್ಲಿ 64 ಸಂಖ್ಯೆಗಳ ಸಾಲನ್ನು ಒಟ್ಟಿಗೆ ಹಿಡಿಯುವ ಎಂಟು ಸದಿಶ ಸಂಗ್ರಹಗಳಿದ್ದವು. ಅವನ್ನು ಸ್ಮೃತಿಕೋಶದಿಂದ ಎಡೆಬಿಡದೆ ತುಂಬುವುದಕ್ಕೆ ಹಲವು ದ್ವಾರಗಳಿದ್ದವು. ಐ860ರ ಒಳಗೆ ದತ್ತಾಂಶಕ್ಕಾಗಿ ಇದ್ದ ತ್ವರಿತ ಸ್ಮೃತಿಯು 8 ಕಿಲೋಬೈಟ್ ಮಾತ್ರ. ಬೇಕಾದ ಸಂಖ್ಯೆ ಅಲ್ಲಿರದಿದ್ದರೆ ಸಂಸ್ಕಾರಕವು ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು. ಸಾಲದುದಕ್ಕೆ, ಅದರ ಪೂರ್ಣ ವೇಗವನ್ನು ಹೊರಡಿಸಬೇಕಾದರೆ ಆದೇಶಗಳನ್ನು ಕೈಯಿಂದಲೇ ಹೆಣೆಯಬೇಕಾಗಿತ್ತು. ಅಂದಿನ ಅನುವಾದಕ ಕ್ರಮವಿಧಿಗಳಿಗೆ ಅದು ಸಾಧ್ಯವಾಗಲಿಲ್ಲ.

ನಿಜವಾದ ಒರೆಗಲ್ಲಾದುದು ‘ಟಿ-80’ ಎಂಬ ಜಾಗತಿಕ ಹವಾಮಾನ ಮಾದರಿ. ದೆಹಲಿಯ ಕೇಂದ್ರವು 1990ರ ದಶಕದಲ್ಲಿ ಇದನ್ನು ನಿತ್ಯದ ಮುನ್ಸೂಚನೆಗೆ ಬಳಸಿತು, ಯು. ಎನ್. ಸಿನ್ಹಾ ಅವರ ತಂಡವು ಬೆಂಗಳೂರಿನಲ್ಲಿ ಇದನ್ನೇ ಫ್ಲೋಸಾಲ್ವರಿಗೆ ಅಳವಡಿಸಿತು. ಭೂಗೋಳವನ್ನು 128 ಅಕ್ಷಾಂಶ ಸಾಲುಗಳಾಗಿಯೂ ಒಂದೊಂದು ಸಾಲನ್ನು 256 ಬಿಂದುಗಳಾಗಿಯೂ ವಿಭಾಗಿಸಿ, ವಾಯುಮಂಡಲವನ್ನು 18 ಪದರಗಳಾಗಿ ಇದು ಪರಿಗಣಿಸುತ್ತದೆ. ಮೋಡ, ಮಳೆ, ಬಿಸಿಲುಗಳ ಲೆಕ್ಕವು ಆಯಾ ಸ್ಥಳದ್ದಾದುದರಿಂದ ಸಾಲುಗಳನ್ನು ಹಲವು ಸಂಸ್ಕಾರಕಗಳಿಗೆ ಹಂಚುವುದು ಸುಲಭ. ಆದರೆ ಗಾಳಿಯ ಅಲೆಗಳ ಗುಣಾಂಕಗಳನ್ನು ಕೂಡಿಸುವಾಗ ಎಲ್ಲ ಸಾಲುಗಳ ಫಲವೂ ಒಂದೆಡೆ ಸೇರಬೇಕು. ಇಲ್ಲಿ ಕ್ರೇಗೆ ಯಾರನ್ನೂ ಕಾಯುವ ಪ್ರಮೇಯವಿರಲಿಲ್ಲ. ಐ860ಗಳು ತಮ್ಮ ಪಾಲನ್ನು ಮುಗಿಸಿಯೂ ನೆರೆಯವರನ್ನು ಕಾಯಬೇಕಾಗಿತ್ತು. ಬೆಂಗಳೂರಿನವರು ಮುಂದೆ ‘ಫ್ಲೋಸ್ವಿಚ್’ ಎಂಬ ಸಾಧನವನ್ನು ರಚಿಸಿ, ಸಂಖ್ಯೆಗಳನ್ನು ಸಾಗಿಸುತ್ತಿರುವಾಗಲೇ ಕೂಡಿಸುವ ಏರ್ಪಾಡನ್ನು ಮಾಡಿದುದು ಈ ತೊಡಕಿನಿಂದಲೇ. ಒಂಟಿಯಾಗಿ ನಿಂತಾಗ ಕ್ರೇಯೇ ಮೇಲೆಂಬುದು ನಿರ್ವಿವಾದ. ಆದರೆ ಅದನ್ನು ಕೊಡುವುದೂ ಕೊಡದಿರುವುದೂ ಪರದೇಶದ ಕೈಯಲ್ಲಿತ್ತು. ಐ860ಗಳ ಸಂಖ್ಯೆಯನ್ನು ಹೆಚ್ಚಿಸುವುದು ನಮ್ಮವರ ಕೈಯಲ್ಲೇ ಇತ್ತು.

ಇಷ್ಟಾಗಿಯೂ ಕರಾವಳಿಗೆ ದೊರೆತುದೇನು? ಟಿ-80ರ ಎರಡು ಬಿಂದುಗಳ ನಡುವಣ ದೂರ ಸುಮಾರು 150 ಕಿ.ಮೀ. ಭಟ್ಕಳದಿಂದ ಕುಮಟೆಗೆ ನೇರದೂರವು ಸುಮಾರು 50 ಕಿ.ಮೀ. ಮಾತ್ರ. ಮೂರು ಪಟ್ಟಣಗಳೂ ಒಂದೇ ಚೌಕದಲ್ಲಿ ಅಡಗಿಹೋಗುವಷ್ಟು ಹತ್ತಿರದವು. ಅಂಥ ಲೆಕ್ಕದಲ್ಲಿ ಸಹ್ಯಾದ್ರಿಯು ಘಟ್ಟವಾಗಿರುವುದಿಲ್ಲ, ನುಣುಪಾದೊಂದು ಇಳಿಜಾರಾಗಿರುತ್ತದೆ. ಇಲ್ಲಿಯ ಮಳೆಯಾದರೋ ಘಟ್ಟದಿಂದಲೇ ಹುಟ್ಟುವಂಥದು. ಚೌಕದ ಅಳತೆಯನ್ನು ಅರ್ಧಕ್ಕಿಳಿಸಿದರೆ ಬಿಂದುಗಳು ನಾಲ್ಕುಪಟ್ಟಾಗುತ್ತವೆ, ಕಾಲದ ಹೆಜ್ಜೆಯೂ ಅರ್ಧವಾಗುತ್ತದೆ; ದುಡಿಮೆ ಎಂಟುಪಟ್ಟು. ಸಂಸ್ಕಾರಕದ ವೇಗವು ಈ ತೀರದ ಜನರಿಗೆ ಅನ್ವಯಿಸುವುದು ಈ ಲೆಕ್ಕದ ಮೂಲಕ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳವು ಜಲಾವೃತವಾಗಿ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಮೃತರಾದರು. ಅಂಥ ಮಳೆಯು ತೀವ್ರವಾಗಿ ಸುರಿಯುವ ವಿಸ್ತಾರವು 150 ಕಿ.ಮೀ. ಚೌಕದ ಒಂದು ಮೂಲೆಯಷ್ಟೇ ಇರುತ್ತದೆ.

2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್ಕಾಸ್ಟಿಂಗ್ ಸಿಸ್ಟಮಿನ ಚೌಕವು 6 ಕಿ.ಮೀ.ನದು. ಸಹಸ್ರಾರು ಸಂಸ್ಕಾರಕಗಳನ್ನು ಒಂದೇ ಲೆಕ್ಕಕ್ಕೆ ಹೂಡಿದ ಯಂತ್ರಗಳ ಮೇಲೆ ಅದು ನಡೆಯುತ್ತದೆ. ಅದರಲ್ಲಿ ಭಟ್ಕಳಕ್ಕೂ ಕುಮಟೆಗೂ ನಡುವೆ ಎಂಟು ಚೌಕಗಳಿವೆ. ಹೊನ್ನಾವರದ ಕಡಲತೀರವೂ ಗೇರುಸೊಪ್ಪೆಯ ಘಟ್ಟವೂ ಬೇರೆ ಬೇರೆ ಚೌಕಗಳಲ್ಲಿ ಬೀಳುತ್ತವೆ.