ಎದೆಯ ಕಡೆಯಿಂದ ಬೆನ್ನಿನ ಆಪರೇಷನ್

ಬೆನ್ನುಮೂಳೆ ಡಾಕ್ಟರ ಬೋರ್ಡನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ಎಂಬಿಬಿಎಸ್, ಎಂಎಸ್ ಆರ್ಥೋ ಆದಮೇಲೆ ‘ಫೆಲೋಶಿಪ್ ಇನ್ ಸ್ಪೈನ್ ಸರ್ಜರಿ’ ಅಂತ ಒಂದು ಸಾಲು, ಅದರ ಪಕ್ಕ ಯಾವುದೋ ದೂರದ ಊರಿನ ಹೆಸರು. ನಾನು ತುಂಬಾ ದಿನ ಇದನ್ನು ವಿಸಿಟಿಂಗ್ ಕಾರ್ಡ್ ತುಂಬಿಸುವ ಅಲಂಕಾರ ಅಂತಲೇ ಅಂದುಕೊಂಡಿದ್ದೆ. ಡಾಕ್ಟರಾಗೋಕೆ ಐದೂವರೆ ವರ್ಷ, ಮೂಳೆ ತಜ್ಞರಾಗೋಕೆ ಇನ್ನೂ ಮೂರು ವರ್ಷ. ಇಷ್ಟೆಲ್ಲ ಓದಿದ ಮೇಲೂ ಇನ್ನೊಬ್ಬರ ಪಕ್ಕ ನಿಂತು ಕಲಿಯೋಕೆ ಏನು ಬಾಕಿ ಇರುತ್ತೆ? ಪುಸ್ತಕ ಇದೆ, ಜರ್ನಲ್ ಇದೆ, ಈಗ ವಿಡಿಯೋನೂ ಇದೆ.

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ 1950ರ ದಶಕದ ಹಾಂಗ್ ಕಾಂಗ್‌ನಲ್ಲಿದೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಕ್ಷಯ ಅಂದರೆ ನಮಗೆ ಕೆಮ್ಮು, ಶ್ವಾಸಕೋಶವೇ ನೆನಪಾಗೋದು. ಆದರೆ ಅದು ಬೆನ್ನುಮೂಳೆಗೂ ಬರುತ್ತೆ. ಮೂಳೆಯ ಮುಂಭಾಗವನ್ನು ನಿಧಾನವಾಗಿ ತಿಂದುಹಾಕುತ್ತೆ. ಆಧಾರ ಕುಸಿದ ಗೋಡೆಯ ಹಾಗೆ ಬೆನ್ನು ಮುಂದಕ್ಕೆ ಬಾಗಿ ಗೂನಾಗುತ್ತೆ. ಕೀವು, ಮೂಳೆಯ ಚೂರು ಹಿಂದೆ ಸರಿದು ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಶಕ್ತಿಯೇ ಹೋಗುತ್ತೆ. ಈಜಿಪ್ಟಿನ ಮಮ್ಮಿಗಳಲ್ಲೂ ಇದರ ಗುರುತು ಸಿಕ್ಕಿದೆ. 1779ರಲ್ಲಿ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ ಈ ಗೂನನ್ನೂ ಕಾಲಿನ ಪಾರ್ಶ್ವವಾಯುವನ್ನೂ ಜೋಡಿಸಿ ವಿವರಿಸಿದ. ಹಾಗಾಗಿ ಇವತ್ತಿಗೂ ಇದು ‘ಪಾಟ್ಸ್ ಡಿಸೀಸ್’.

ಸರ್ಜನ್‌ಗಳು ಬಹಳ ಕಾಲ ಇದನ್ನು ಮುಟ್ಟಿದ್ದು ಹಿಂದಿನಿಂದ. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಬೆನ್ನಿನ ಹಿಂಭಾಗದ ಮೂಳೆಗಳನ್ನು ಒಂದಕ್ಕೊಂದು ಬೆಸೆಯುವ ವಿಧಾನ ಪ್ರಕಟಿಸಿದರು. ಆದರೆ ಯೋಚಿಸಿ ನೋಡಿ, ಕೊಳೆತಿರೋದು ಮುಂದೆ, ರಿಪೇರಿ ಮಾಡ್ತಿರೋದು ಹಿಂದೆ! ಮುಂದಿನಿಂದ ಹೋಗಬೇಕು ಅಂದರೆ ಎದೆ ತೆರೆಯಬೇಕು, ಶ್ವಾಸಕೋಶ ಸರಿಸಬೇಕು, ಮಹಾಪಧಮನಿಯ ಪಕ್ಕದಲ್ಲೇ ಕೈಯಾಡಿಸಬೇಕು. 1934ರಲ್ಲಿ ಜಪಾನಿನ ಇಟೋ ಮತ್ತು ಸಂಗಡಿಗರು ಮುಂದಿನಿಂದ ಹೋಗಿ ಮಾಡಿದ ಆಪರೇಷನ್‌ಗಳನ್ನು ವರದಿ ಮಾಡಿದ್ದರು. ಆದರೆ ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ.

ಸ್ಟ್ರೆಪ್ಟೊಮೈಸಿನ್ ಬಂದಮೇಲೆ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಹಾಂಗ್ ಕಾಂಗ್ ತುಂಬಿ ತುಳುಕುತ್ತಿತ್ತು. 1945ರಲ್ಲಿ ಸುಮಾರು ಆರು ಲಕ್ಷ ಇದ್ದ ಜನ ಐದಾರು ವರ್ಷದಲ್ಲಿ ಇಪ್ಪತ್ತು ಲಕ್ಷ ದಾಟಿದ್ದರು. ಚೀನಾದಿಂದ ಬಂದ ನಿರಾಶ್ರಿತರು, ಇಕ್ಕಟ್ಟಿನ ಗುಡಿಸಲುಗಳು, ಎಲ್ಲೆಲ್ಲೂ ಕ್ಷಯ. ಎಡಿನ್‌ಬರೋದಲ್ಲಿ ಕಲಿತಿದ್ದ ಆರ್ಥರ್ ಹಾಡ್ಜ್‌ಸನ್, ಹಾಂಗ್ ಕಾಂಗ್ ವಿಶ್ವವಿದ್ಯಾಲಯದ ಸರ್ಜರಿ ಪ್ರೊಫೆಸರ್ ಫ್ರಾನ್ಸಿಸ್ ಸ್ಟಾಕ್ ಜತೆ ಸೇರಿ ಎದೆಯ ಕಡೆಯಿಂದ ಹೋದರು. ಕೊಳೆತ ಮೂಳೆಯನ್ನು ಪೂರ್ತಿ ತೆಗೆದು, ಆ ಜಾಗದಲ್ಲಿ ರೋಗಿಯದೇ ಪಕ್ಕೆಲುಬಿನ ಅಥವಾ ಸೊಂಟದ ಮೂಳೆಯ ತುಂಡನ್ನು ಕಂಬದ ಹಾಗೆ ನಿಲ್ಲಿಸಿದರು. ಮೊದಲ ವರದಿ 1956ರಲ್ಲಿ ಬಂತು. 1960ರಲ್ಲಿ ಬಂದದ್ದು 412 ರೋಗಿಗಳ ವರದಿ. ಜಗತ್ತು ಇದಕ್ಕೆ ‘ಹಾಂಗ್ ಕಾಂಗ್ ಆಪರೇಷನ್’ ಅಂತ ಹೆಸರಿಟ್ಟಿತು.

ಇಲ್ಲಿಂದ ಕಥೆ ನನ್ನ ಪ್ರಶ್ನೆಗೆ ಬರುತ್ತೆ. ವರದಿ ಅಚ್ಚಾಯಿತು, ಎಲ್ಲರೂ ಓದಿದರು. ಆದರೂ ಬೇರೆ ಬೇರೆ ದೇಶದ ಸರ್ಜನ್‌ಗಳು ಹಾಂಗ್ ಕಾಂಗ್‌ಗೇ ಬಂದು ನಿಂತರು. ಯಾಕಂದ್ರೆ ಕೀವಿನ ಮಧ್ಯೆ ಸತ್ತ ಮೂಳೆ ಎಲ್ಲಿ ಮುಗಿದು ಜೀವಂತ ಮೂಳೆ ಎಲ್ಲಿ ಶುರುವಾಗುತ್ತೆ ಅನ್ನೋದನ್ನು ಯಾವ ಚಿತ್ರವೂ ಹೇಳಿಕೊಡಲ್ಲ. ಜೀವಂತ ಮೂಳೆ ಕೆತ್ತಿದರೆ ರಕ್ತ ಜಿನುಗುತ್ತೆ. ಅದನ್ನು ಕಣ್ಣಲ್ಲಿ ನೋಡಿ, ಕೈಗೆ ತಾಗಿಸಿಕೊಂಡೇ ಕಲಿಯಬೇಕು. ಒಂದೆರಡು ಮಿಲಿಮೀಟರ್ ಆಚೆ ಬೆನ್ನುಹುರಿ ಇರುತ್ತೆ, ಅಲ್ಲಿ ಕೈ ತಪ್ಪಿದರೆ ವಾಪಸ್ ಬರುವ ದಾರಿ ಇರೋದಿಲ್ಲ. ಒಂದೇ ಕಾಯಿಲೆಯ ನೂರಾರು ರೋಗಿಗಳು ಒಂದೇ ಟೀಚಿಂಗ್ ಆಸ್ಪತ್ರೆಗೆ ಬರುತ್ತಿದ್ದುದರಿಂದ ಇದೆಲ್ಲ ಸಾಧ್ಯವಾಯಿತು. ಕಹಿಯಾದರೂ ನಿಜ: ಆ ಸರ್ಜನ್‌ಗಳ ಪಾಠಶಾಲೆಗೆ ಅಡಿಪಾಯ ಹಾಕಿದ್ದು ನಿರಾಶ್ರಿತರ ಬಡತನ.

ಆಸ್ಟ್ರೇಲಿಯಾದ ಜಾನ್ ಓಬ್ರಯನ್ ಅಲ್ಲಿ ಸೇರಿ ಕೆಲಸ ಮಾಡಿದವರಲ್ಲೊಬ್ಬರು. ತಲೆಬುರುಡೆಗೆ ಒಂದು ಉಂಗುರ, ಸೊಂಟಕ್ಕೆ ಒಂದು ಉಂಗುರ, ನಡುವೆ ನಾಲ್ಕು ಸರಳು. ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿ ಗೂನನ್ನು ಹಿಗ್ಗಿಸುವ ಈ ಸಾಧನದ ವರದಿಯನ್ನು ಆ ತಂಡ 1971ರಲ್ಲಿ ಪ್ರಕಟಿಸಿತು. ಅದರ ತೊಂದರೆಗಳು ಗೊತ್ತಾಗುತ್ತಾ ಬಂದ ಹಾಗೆ ಅದು ಮೂಲೆ ಸೇರಿತು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಸಾಹಸದ ಕಥೆ ಆಗ್ತಿತ್ತು, ಅಷ್ಟೇ. ನನಗೆ ಹೆಚ್ಚು ಇಷ್ಟವಾಗೋದು ಇದರ ಎರಡನೇ ಅರ್ಧ, ಅದು ನಡೆದದ್ದು ನಮ್ಮ ಕಡೆ.

ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಎಸ್.ಎಂ. ತುಲಿ ಅವರ ಮುಂದೆಯೂ ಇದೇ ಕಾಯಿಲೆಯ ಸಾಲು ಇತ್ತು. ಆದರೆ ಎಲ್ಲರ ಎದೆ ತೆರೆಯೋಕೆ ಬೇಕಾದ ಅನುಕೂಲ ಎಲ್ಲಿಂದ ತರೋದು? ಅವರು ಮೊದಲು ಔಷಧಿ ಕೊಟ್ಟರು. ಅದಕ್ಕೆ ಬಗ್ಗದವರಿಗೆ, ನರದ ತೊಂದರೆ ಕಡಿಮೆಯಾಗದವರಿಗೆ ಮಾತ್ರ ಆಪರೇಷನ್. 1975ರಲ್ಲಿ ಪ್ರಕಟವಾದ ಈ ಕ್ರಮಕ್ಕೆ ‘ಮಧ್ಯಮ ಮಾರ್ಗ’ ಅಂತಲೇ ಹೆಸರು.

ಅದೇ ವರ್ಷ ಮದ್ರಾಸಿನಲ್ಲಿ ಒಂದು ಟ್ರಯಲ್ ಶುರುವಾಯಿತು. ಕಾಲಿನ ಶಕ್ತಿ ಪೂರ್ತಿ ಹೋಗದ ರೋಗಿಗಳಲ್ಲಿ ಕೆಲವರಿಗೆ ಹಾಂಗ್ ಕಾಂಗ್ ಆಪರೇಷನ್ ಜತೆ ಆರು ತಿಂಗಳ ಔಷಧಿ. ಉಳಿದವರಿಗೆ ಬರೀ ಔಷಧಿ, ಆರು ಅಥವಾ ಒಂಬತ್ತು ತಿಂಗಳು, ಅದೂ ಓಡಾಡಿಕೊಂಡೇ. ಹತ್ತು ವರ್ಷದ ನಂತರದ ಲೆಕ್ಕ 1999ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರಲ್ಲಿ ಶೇ. 90 ಜನ ಚೆನ್ನಾಗಿದ್ದರು. ಆರು ತಿಂಗಳ ಔಷಧಿಯವರಲ್ಲಿ ಶೇ. 94, ಒಂಬತ್ತು ತಿಂಗಳಿನವರಲ್ಲಿ ಶೇ. 99. ಅಂದರೆ ಅಂಥ ರೋಗಿಗಳಲ್ಲಿ ಬಹುಪಾಲು ಜನಕ್ಕೆ ಕತ್ತಿಯೇ ಬೇಕಿರಲಿಲ್ಲ!

ಹಾಗಾದರೆ ಹಾಡ್ಜ್‌ಸನ್ ಮಾಡಿದ್ದು ವ್ಯರ್ಥವಾ? ಇಲ್ಲ. ಮಾತ್ರೆಯಲ್ಲಿ ಗುಣವಾದ 61 ಮಕ್ಕಳನ್ನು ಕೊಯಮತ್ತೂರಿನ ಡಾ. ಎಸ್. ರಾಜಶೇಖರನ್ 15 ವರ್ಷ ಹಿಂಬಾಲಿಸಿದರು. ಕಾಯಿಲೆ ವಾಸಿಯಾಗಿತ್ತು, ಆದರೆ ಬೆಳೆಯುತ್ತಾ ಹೋದಂತೆ ಶೇ. 39ರಷ್ಟು ಮಕ್ಕಳಲ್ಲಿ ಗೂನು ಹೆಚ್ಚಾಯಿತು. ಯಾವ ಮಗುವಿಗೆ ಹಾಗಾಗಬಹುದು ಅಂತ ಎಕ್ಸ್‌ರೇಯಲ್ಲೇ ಮೊದಲೇ ಗುರುತಿಸುವ ನಾಲ್ಕು ಚಿಹ್ನೆಗಳನ್ನು ಅವರು 2001ರಲ್ಲಿ ಪಟ್ಟಿ ಮಾಡಿದರು. ಅಂಥ ಮಗುವಿಗೆ ಸಮಯಕ್ಕೆ ಸರಿಯಾಗಿ ಆಪರೇಷನ್ ಆಗಲೇಬೇಕು. ಆಗ ಆ ಕೆಲಸ ಬಲ್ಲ ಕೈಯೂ ಇರಬೇಕು.

ಈಗ ನಮ್ಮ ದೇಶದಲ್ಲೇ ಸ್ಪೈನ್ ಸರ್ಜರಿಗೆ ಎರಡು ವರ್ಷದ ಎಫ್‌ಎನ್‌ಬಿ ಇದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಗೆ ಹೊರದೇಶದವರೂ ಬಂದು ಕಲಿಯುತ್ತಾರೆ. ಫೆಲೋ ಆದವರ ದಿನ ಆಪರೇಷನ್ ಥಿಯೇಟರಿನಲ್ಲಷ್ಟೇ ಕಳೆಯಲ್ಲ. ಓಪಿಡಿಯಲ್ಲಿ ಗುರುಗಳ ಪಕ್ಕ ಕೂತು, ಇವರಿಗೆ ಬೇಡ, ಇವರಿಗೆ ಮೂರು ತಿಂಗಳು ಕಾಯೋಣ, ಇವರಿಗೆ ನಾಳೆಯೇ ಆಗಬೇಕು ಅನ್ನೋ ನಿರ್ಧಾರಗಳನ್ನು ನೂರಾರು ಸಲ ನೋಡಬೇಕು. ಕೈಗೆ ಬೇಕಾದ್ದನ್ನು ಹಾಂಗ್ ಕಾಂಗ್ ಕಲಿಸಿತು, ಕೈ ಎಲ್ಲಿ ತಡೆಯಬೇಕು ಅನ್ನೋದನ್ನು ವಾರಾಣಸಿ ಮತ್ತು ಮದ್ರಾಸ್ ಕಲಿಸಿದವು. ಬೋರ್ಡಿನ ಆ ಒಂದು ಸಾಲಿನಲ್ಲಿ ಎರಡೂ ಇರಬೇಕು.

ದಿನಕ್ಕೆ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡಿರುವ ನಾವು ಒಂದಲ್ಲ ಒಂದು ದಿನ ಆ ಬೋರ್ಡಿನ ಕೆಳಗೆ ಟೋಕನ್ ಹಿಡಿದು ಕೂರುವವರೇ. ಆಪರೇಷನ್ ಮಾತು ಬಂದರೆ ಎಷ್ಟು ಖರ್ಚಾಗುತ್ತೆ ಅಂತ ಕೇಳೋ ಮೊದಲು, ಮಾಡಿಸದೇ ಇದ್ದರೆ ಏನಾಗುತ್ತೆ ಅಂತ ಒಂದು ಸಲ ಕೇಳಿ. ಚೆನ್ನಾಗಿ ಕಲಿತವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಲ್ಲ. ಅವರ ಫೆಲೋಶಿಪ್ಪಿನ ಅರ್ಧ ಭಾಗ ಕಳೆದಿರುವುದೇ ಅದಕ್ಕೆ ಉತ್ತರ ಹುಡುಕೋದರಲ್ಲಿ.