ಹೊಸ್ತಿಲಾಚೆ ಉಳಿದ ಭಾನುವಾರ

2020ರ ಮಾರ್ಚ್ 25ರಂದು ದೇಶವೇ ಬಾಗಿಲು ಮುಚ್ಚಿಕೊಂಡಾಗ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಊಟದ ಮೇಜೇ ಕಛೇರಿಯಾಯಿತು. ಅಂದಿನಿಂದ ಮನೆಯಲ್ಲಿ ಕುಳಿತು ದುಡಿಯುವವರಿಗೆ ಉಪದೇಶಗಳ ಕೊರತೆಯಿಲ್ಲ. ಬೆನ್ನು ನೆಟ್ಟಗಿರಲಿ, ಗಂಟೆಗೊಮ್ಮೆ ಎದ್ದು ಓಡಾಡಿ, ಊಟಕ್ಕೆ ಹೊತ್ತು ಗೊತ್ತುಮಾಡಿಕೊಳ್ಳಿ, ಸಂಜೆಯಾದೊಡನೆ ಕೆಲಸ ನಿಲ್ಲಿಸಿ, ನಾಲ್ಕು ಜನರೊಡನೆ ಮಾತಾಡಿ. ಇವೆಲ್ಲ ಸರಿಯಾದ ಮಾತುಗಳೇ. ಆದರೆ ಇವು ನಿನ್ನೆ ಮೊನ್ನೆ ಹುಟ್ಟಿದ ವಿವೇಕವಲ್ಲ. ಇವುಗಳಲ್ಲಿ ಕೆಲವನ್ನು ವೈದ್ಯರು ಕಂಡುಕೊಂಡರು, ಕೆಲವನ್ನು ಕಾರ್ಮಿಕರು ಹೋರಾಡಿ ಪಡೆದರು. ಆ ಹೋರಾಟದಲ್ಲಿ ಮುಂಬಯಿಯ ಪಾಲು ಸಣ್ಣದಲ್ಲ.

ಕುಳಿತು ದುಡಿಯುವವರ ರೋಗಗಳನ್ನು ಗಂಭೀರವಾಗಿ ಗಮನಿಸಿದ ಮೊದಲಿಗರಲ್ಲಿ ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಝ್ಝೀನಿ ಪ್ರಮುಖನು. ಮೊದೆನಾ ನಗರದ ತನ್ನ ಮನೆಯ ಮಲಗುಂಡಿಯನ್ನು ಶುಚಿಮಾಡುತ್ತಿದ್ದವನೊಬ್ಬನು ಉಸಿರುಗಟ್ಟಿದವನಂತೆ ಅವಸರಪಡುವುದನ್ನು ಕಂಡು ಅವನು ಕಾರಣ ಕೇಳಿದನಂತೆ. ಹೆಚ್ಚು ಹೊತ್ತು ಅಲ್ಲಿದ್ದರೆ ಕಣ್ಣು ಹೋಗುವುದೆಂಬ ಉತ್ತರ ಬಂತು. ಆ ಒಂದು ಪ್ರಶ್ನೆಯಿಂದ ಬೆಳೆದ ಗ್ರಂಥ, ದುಡಿಮೆಗಾರರ ರೋಗಗಳನ್ನು ಕುರಿತದ್ದು, 1700ರಲ್ಲಿ ಪ್ರಕಟವಾಯಿತು. ರೋಗಿಯ ಹಾಸಿಗೆಯ ಬಳಿ ವೈದ್ಯರು ಕೇಳಬೇಕಾದ ಪ್ರಶ್ನೆಗಳ ಸಾಲಿಗೆ 'ನಿನ್ನ ಕಸುಬು ಯಾವುದು' ಎಂಬುದನ್ನೂ ಸೇರಿಸಿದವನು ಅವನೇ. 1713ರ ಪರಿಷ್ಕೃತ ಆವೃತ್ತಿಯಲ್ಲಿ ಅವನು ಬರೆಹಗಾರ ಗುಮಾಸ್ತರ ಕಡೆ ತಿರುಗಿದನು. ಅವರ ಬಾಧೆಗೆ ಅವನು ಕಂಡ ಕಾರಣಗಳು ಮೂರು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಸತತವಾಗಿ ಆಡಿಸುವುದು, ಲೆಕ್ಕದಲ್ಲಿ ತಪ್ಪು ನುಸುಳದಿರಲೆಂದು ಮನಸ್ಸು ಸದಾ ಬಿಗಿದಿರುವುದು. ಗರಿಯ ಲೇಖನಿಯಿದ್ದಲ್ಲಿ ಕೀಲಿಮಣೆಯನ್ನಿಟ್ಟು ಓದಿದರೆ ಇಂದಿನ ವೈದ್ಯರು ಇದಕ್ಕೆ ಸೇರಿಸಬೇಕಾದುದು ಹೆಚ್ಚೇನಿಲ್ಲ. ಮೂರನೆಯ ಕಾರಣ ದೇಹದ್ದಲ್ಲ, ಮನಸ್ಸಿನದು ಎಂಬುದನ್ನು ಮುನ್ನೂರು ವರ್ಷಗಳ ಹಿಂದೆಯೇ ಒಬ್ಬ ವೈದ್ಯನು ದೇಹದ ಕಾರಣಗಳೊಡನೆ ಒಂದೇ ಉಸಿರಿನಲ್ಲಿ ಹೇಳಿದನೆಂಬುದು ನಮಗೆ ಇಂದಿಗೂ ಬೆರಗಿನ ಸಂಗತಿ.

ಆ ಕಾಲದಲ್ಲಿ ಮನೆಗೂ ದುಡಿಮೆಯ ಸ್ಥಳಕ್ಕೂ ನಡುವೆ ಗೋಡೆಯಿದ್ದುದೇ ಅಪರೂಪ. ನೇಕಾರನ ಮಗ್ಗ ಪಡಸಾಲೆಯಲ್ಲಿತ್ತು, ಕುಂಬಾರನ ತಿಗರಿ ಅಂಗಳದಲ್ಲಿತ್ತು. ನಮ್ಮ ಹಳ್ಳಿಗಳಲ್ಲಿ ಶಾನುಭೋಗರ ಜಗಲಿಯೇ ಕಛೇರಿ. ಗೋಡೆಯನ್ನೆಬ್ಬಿಸಿದ್ದು ಕಾರ್ಖಾನೆ. ಅದು ದುಡಿಯುವವನನ್ನು ಮನೆಯಿಂದ ಹೊರಗೆಳೆದು ಗಂಟೆಯ ಗುಲಾಮನನ್ನಾಗಿಸಿತೆಂಬುದು ನಿಜ. ಆದರೆ ಒಂದೇ ಸೂರಿನಡಿ ಸಾವಿರಾರು ಮಂದಿಯನ್ನು ಕೂಡಿಸಿದ್ದರಿಂದಲೇ, ಆ ಗಂಟೆಯ ಮೇಲೆ ಕೂಡಿ ಹಕ್ಕು ಕೇಳಲು ಅವರಿಗೆ ಸಾಧ್ಯವಾಯಿತು.

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಆಗ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಕೆಲಸ. ಜ್ಯೋತಿಬಾ ಫುಲೆಯವರ ಒಡನಾಡಿಯೂ 'ದೀನಬಂಧು' ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿಯೊಂದರಲ್ಲಿ ಕೆಲಸ ಮಾಡಿ ಒಳಗಿನ ಬದುಕನ್ನು ಬಲ್ಲವರು. 1884ರಲ್ಲಿ ಅವರು ಕಾರ್ಮಿಕರ ಸಭೆಗಳನ್ನು ಕರೆದು, ಐದು ಸಾವಿರಕ್ಕೂ ಹೆಚ್ಚು ಮಂದಿಯ ಸಮ್ಮತಿಯೊಡನೆ ಒಂದು ಮನವಿಯನ್ನು ಸಿದ್ಧಪಡಿಸಿದರು. ಭಾನುವಾರದ ಬಿಡುವು, ನಡುಹಗಲಿನಲ್ಲಿ ಅರ್ಧ ಗಂಟೆಯ ವಿಶ್ರಾಂತಿ, ಕೆಲಸದ ಹೊತ್ತಿಗೊಂದು ಮಿತಿ: ಅದರ ಮುಖ್ಯ ಬೇಡಿಕೆಗಳಿವು. ಇಂದು ಆರೋಗ್ಯದ ಸಲಹೆಯೆಂದು ಹಂಚಲಾಗುವ ಮಾತುಗಳು ಅಂದು ಬೇಡಿಕೆಗಳಾಗಿದ್ದವು. 1890ರ ಜೂನ್ 10ರಂದು ಗಿರಣಿ ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯಿದೆ ವಾರದ ರಜೆಯನ್ನು ಶಾಸನವಾಗಿಸಿತು. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. 5 ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದೆಂದೂ, ಬಿಡುವು ಅರ್ಧ ಗಂಟೆಗೆ ಕಡಿಮೆಯಿರಕೂಡದೆಂದೂ ಹೇಳಿತು.

ಯಾರೂ ಬೇಡದೆ ದೊರೆತ ಇನ್ನೊಂದು ಲಾಭವಿತ್ತು, ಅದು ದಾರಿಯದು. ಲಂಡನ್ನಿನ ವೈದ್ಯ ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದಯಾಘಾತ ಕಡಿಮೆಯೆಂದು ತಿಳಿದುಬಂತು. ದಾದರಿನ ಸೇತುವೆಯನ್ನು ಶಪಿಸುತ್ತ ಹತ್ತಿದವರೆಲ್ಲ, ತಮಗರಿವಿಲ್ಲದೆ, ಆ ಕಂಡಕ್ಟರರ ಪಂಗಡಕ್ಕೆ ಸೇರಿದವರು. ರೈಲಿನ ಡಬ್ಬಿಯ ಹರಟೆ, ಭಜನೆ, ಜಗಳಗಳೂ ಲೆಕ್ಕಕ್ಕೆ ಬಾರದ ಔಷಧಗಳೇ ಆಗಿದ್ದವೆಂದು ನಾವು ನಂಬುತ್ತೇವೆ.

ಮನೆಯೂ ದುಡಿಮೆಯೂ ಒಂದೇ ಆದರೆ ಏನಾಗುತ್ತದೆಂಬುದನ್ನು ಹೊರನಾಡಿನ ಕನ್ನಡಿಗರು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರು ಹಗಲು ತಟ್ಟೆ ಲೋಟ ತೊಳೆದ ಹೋಟೆಲಿನಲ್ಲೇ ರಾತ್ರಿ ಚಾಪೆ ಬಿಚ್ಚಿ ಮಲಗುತ್ತಿದ್ದರು. ಅವರಿಗೆ ಸಂಜೆಯೆಂಬ ಒಂದು ಗಡಿಯನ್ನು ಹಾಕಿಕೊಟ್ಟದ್ದು ಕನ್ನಡ ರಾತ್ರಿ ಶಾಲೆ. ಆ ಶಾಲೆಗಳು ಎಷ್ಟು ಪದವೀಧರರನ್ನು ಕೊಟ್ಟವೆಂದು ನಮ್ಮವರು ಹೆಮ್ಮೆಯಿಂದ ಎಣಿಸುತ್ತಾರೆ. ದಿನಕ್ಕೆರಡು ಗಂಟೆ ಧಣಿಯ ಕೂಗಿಗೆ ಸಿಗದ ಜಾಗದಲ್ಲಿ, ಸಮವಯಸ್ಕರ ನಡುವೆ ಕುಳಿತ ಸಮಾಧಾನವನ್ನು ಯಾರೂ ಎಣಿಸಿದಂತಿಲ್ಲ.

ಈ ಗಡಿಗಳಾವುವೂ ದೊರೆಯದ ಇನ್ನೊಂದು ವರ್ಗವಿದೆ. ದಕ್ಷಿಣ ಕನ್ನಡದಲ್ಲಿ, ಸೊಲ್ಲಾಪುರದಲ್ಲಿ ಸಹಸ್ರಾರು ಹೆಂಗಸರು ತೊಡೆಯ ಮೇಲೆ ಮೊರವಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಮನೆಯಲ್ಲೇ ಬೀಡಿ ಕಟ್ಟುತ್ತ ಬಂದಿದ್ದಾರೆ. ಬಾಗಿದ ಕತ್ತು, ನೋಯುವ ಸೊಂಟ, ಒಂದೇ ಬಗೆಯಲ್ಲಿ ಆಡುವ ಬೆರಳು, ಅಡುಗೆಮನೆಯವರೆಗೂ ಹರಡುವ ಧೂಳು: ರಾಮಝ್ಝೀನಿ ಕಂಡಿದ್ದರೆ ಒಂದು ಅಧ್ಯಾಯವನ್ನೇ ಬರೆಯುತ್ತಿದ್ದನು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಕಟ್ಟುವವರನ್ನೂ ನೌಕರರೆಂದೇ ಕರೆಯಿತು. ಅದು ಸಣ್ಣ ಮಾತಲ್ಲ. ಆದರೆ ಅದೇ ಕಾಯಿದೆಯ ಒಂಬತ್ತು ಗಂಟೆಗಳ ಮಿತಿ ಅನ್ವಯಿಸಿದ್ದು ಬೀಡಿ ತಯಾರಿಸುವ ಕೆಲಸದ ಕಟ್ಟಡಗಳಿಗೆ. ಮನೆಯಲ್ಲಿ ಲೆಕ್ಕ ಗಂಟೆಯದಲ್ಲ, ಸಾವಿರ ಬೀಡಿಯದು. ಸಾವಿರ ತುಂಬಿದಾಗ ದಿನ ಮುಗಿಯಿತು. ತುಂಬದಿದ್ದರೆ ದೀಪ ಹಚ್ಚಿದ ಮೇಲೂ ಮೊರ ತೊಡೆಯ ಮೇಲೆಯೇ. 2020ರಲ್ಲಿ ತೊಡೆಯ ಮೇಲೆ ಕಂಪ್ಯೂಟರು ಇಟ್ಟುಕೊಂಡವರ ಸಂಬಳ, ಕುರ್ಚಿ, ಫ್ಯಾನುಗಳೆಲ್ಲ ಬೇರೆ. ಅವರನ್ನು ಬೀಡಿ ಕಟ್ಟುವವರೊಡನೆ ಸರಿದೂಗಿಸುವುದು ಅನ್ಯಾಯ. ಆದರೂ ಒಪ್ಪಿಸಬೇಕಾದ ಕೆಲಸ ಮುಗಿದಾಗಲೇ ದಿನ ಮುಗಿಯುವುದೆಂಬ ಲೆಕ್ಕಾಚಾರ ಆ ಮೊರದ ಮನೆಯದೇ.

ಇಂಥವರಿಗಾಗಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1996ರ ಜೂನ್‌ನಲ್ಲಿ ಜಿನೀವಾದಲ್ಲಿ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಮನೆಯಲ್ಲಿ ದುಡಿಯುವವರಿಗೂ ಸುರಕ್ಷತೆ, ಆರೋಗ್ಯ, ವೇತನಗಳಲ್ಲಿ ಇತರ ನೌಕರರಿಗೆ ಸಮನಾದ ನಡವಳಿಕೆ ದೊರೆಯಬೇಕೆಂಬುದು ಅದರ ತಿರುಳು. ಅದಕ್ಕಾಗಿ ಬಹುಕಾಲ ದನಿಯೆತ್ತಿದವರಲ್ಲಿ ಇಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ 'ಸೇವಾ' ಸಂಘಟನೆಯ ಹೆಂಗಸರೂ ಇದ್ದರು. ಫಿನ್ಲೆಂಡ್ ಮೊದಲಾಗಿ ಕೆಲವು ದೇಶಗಳು ಅದನ್ನು ಅನುಮೋದಿಸಿವೆ. ಭಾರತ ಇನ್ನೂ ಅನುಮೋದಿಸಿಲ್ಲ.